ಅಯ್ಯನವರ ತಲೆಯ ಮೇಲಿನ ಹಂಚು

ಗಾಳಿಗೆ ಹಾರಿಹೋದದ್ದು ಮೊದಲು ಒಂದೇ ಒಂದು ಹಂಚು. ಸ್ಕಾರ್ನೆಸ್ ಊರಿಗೆ ಹೊಸದಾಗಿ ಬಂದಿದ್ದ ಪಾದ್ರಿ ಇನ್ನೆಸ್ ಗಥ್ರಿ ಅಯ್ಯನವರು ಆ ತೂತಿನ ಕೆಳಗೊಂದು ಬಕೆಟ್ ಇಟ್ಟು ಸುಮ್ಮನಾದರು. ನಮ್ಮೂರಿನ ಮಳೆ ಬಕೆಟ್ಟಿಗೆಲ್ಲ ಬಗ್ಗುವುದಿಲ್ಲ. ವಾರದೊಳಗೆ ಗುಡ್ಡದ ಮೇಲಿನ ಆ ಮನೆಯ ಅರ್ಧ ಮಾಡು ಜಾರಿ, ಅಯ್ಯನವರ ಹಾಸಿಗೆ, ಭಾನುವಾರದ ಪ್ರಸಂಗ ಬರೆದ ಕಾಗದ, ಓಟ್ಸ್ ಗಂಜಿ ಎಲ್ಲವೂ ತೊಯ್ದು ತೊಪ್ಪೆಯಾದವು. ಬಟ್ಟೆ ಅಂಗಡಿಯವರೊಬ್ಬರಿಗೆ ಕನಿಕರ ಹುಟ್ಟಿತು. "ಬಂದರಲ್ಲಿ ನನ್ನ ಹಳೇ ದೋಣಿ ಖಾಲಿ ನಿಂತಿದೆ. ಒಳಗೆ ಒಲೆ ಇದೆ, ಮಂಚ ಇದೆ. ಮಾಡು ರಿಪೇರಿ ಆಗೋವರೆಗೂ ಅಲ್ಲೇ ಇರಿ" ಎಂದರು.

ಬಟ್ಟೆ ಅಂಗಡಿಯವರಿಗೇನು ಗೊತ್ತು ಮೀನುಗಾರರ ಪಾಡು. ಸ್ಕಾಟ್ಲೆಂಡಿನ ಈ ದಡದಲ್ಲಿ ದೋಣಿಗೆ ಹೊರಟವನಿಗೆ ಪಾದ್ರಿ ಎದುರಾದರೆ ಆ ದಿನ ಕೆಟ್ಟಿತು ಅಂತಲೇ ಲೆಕ್ಕ. ಅಪಶಕುನ ಕಳೆಯಲು ಹತ್ತಿರ ಸಿಕ್ಕಿದ ಕಬ್ಬಿಣ ಮುಟ್ಟಿ ಮನೆಗೆ ವಾಪಸು. ಕಡಲ ಮೇಲಂತೂ ಪಾದ್ರಿ ಎಂಬ ಮಾತನ್ನೇ ಎತ್ತುವಂತಿಲ್ಲ, 'ಕರಿ ಕೋಟಿನವರು' ಅನ್ನಬೇಕು. ಅಂಥ ಕರಿ ಕೋಟಿನವರು ಬಂದರಿನ ಬಾಯಲ್ಲೇ ಬಿಡಾರ ಹೂಡಿದರು. ಬೆಳಬೆಳಗ್ಗೆ ಹೊರಬಂದು ಹಲ್ಲುಜ್ಜುತ್ತ ಎಲ್ಲರಿಗೂ ಕೈಬೀಸಿ ಶುಭ ಹಾರೈಸುತ್ತಿದ್ದರು. ದೋಣಿಗಳು ಹೊರಡಲಿಲ್ಲ, ಊರಲ್ಲಿ ಮೀನೇ ಇಲ್ಲದಂತಾಯಿತು.

ಕೊನೆಗೊಂದು ಬೆಳಗ್ಗೆ ಮೀನು ದೋಣಿಯ ಮಾಲೀಕ ವ್ಯಾಟಿ ಬುಕನ್ ದೋಣಿ ಕಟ್ಟುವ ದಕ್ಕೆಗೆ ಬಂದು, ಅಯ್ಯನವರ ಕಡೆ ಬೆನ್ನು ಮಾಡಿ ನಿಂತು ಮಾತಾಡಿದ.

"ತಪ್ಪು ತಿಳೀಬೇಡಿ ಅಯ್ನೋರೇ, ನಿಮ್ಮ ಮೇಲೆ ನಮಗೆ ಭಾಳ ಗೌರವ. ಆದ್ರೆ ದೂರದಿಂದ. ನನ್ನ ತಮ್ಮ ಡಾಡ್ ಹಂಚು ಹಾಕೋನು. ಇವತ್ತು ಊರ ಗಂಡಸರನ್ನ ಕಟ್ಕೊಂಡು ನಿಮ್ಮ ಮಾಡು ಹತ್ತಿದಾನೆ. ಸಾಯಂಕಾಲಕ್ಕೆ ಮನೆ ಬೆಚ್ಚಗಿರುತ್ತೆ. ನೀವು ಒಂದೇ ಉಪಕಾರ ಮಾಡಿ. ನನ್ನ ದೋಣಿ ಹೊರಡೋವರೆಗೂ ತಲೆ ಹೊರಗೆ ಹಾಕ್ಬೇಡಿ. ಹಾಕಿದ್ರೆ ನಾನೂ ಹೋಗಲ್ಲ, ಮಾಡಿನ ಮೇಲಿರೋರೂ ಇಳೀತಾರೆ."

"ಆಗಲಪ್ಪ" ಎಂದರು ಅಯ್ಯನವರು. ಬಂದರಿನ ಸಣ್ಣ ಅಲೆಗೇ ಅವರು ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅಲುಗಾಡದ ಮಂಚದ ಮೇಲೆ ಒಂದು ರಾತ್ರಿ ಮಲಗಿದರೆ ಸಾಕು ಅನ್ನುವಷ್ಟು ಸೋತಿದ್ದರು.

ಒಳಗೆ ಕೂತದ್ದೇ ತಡ, ಒಲೆ ಹೊಗೆಯಾಡತೊಡಗಿತು. ಎದುರು ಮನೆಯ ಮುದುಕಿ ಎಫಿ ಕಿಟಕಿಯಿಂದಲೇ ಅದನ್ನು ಕಂಡು ಓಡಿಬಂದಳು. ಊರಿನಲ್ಲಿ ಅವಳ ಕಣ್ಣಿಗೆ ಬೀಳದೆ ಬೆಕ್ಕು ಕೂಡ ದಾರಿ ದಾಟುವುದಿಲ್ಲ.

"ಹೊಗೇಲಿ ಕೂತು ಒಣಮೀನು ಆಗ್ಬೇಕು ಅಂತಿದೀರಾ? ತಗೊಳ್ಳಿ, ನಮ್ಮ ಯಜಮಾನರ ಮಳೆಕೋಟು. ಟೋಪಿ ಮೂಗಿನವರೆಗೂ ಎಳ್ಕೊಂಡು ನಮ್ಮನೆಗೆ ಬನ್ನಿ. ಯಾರಿಗೆ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗಲಿಲ್ಲ, ಅದೇ ಎಡವಟ್ಟಾಯಿತು. ಹಳದಿ ಕೋಟಿನಲ್ಲಿ ಅಯ್ಯನವರು ದಕ್ಕೆಯ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ವ್ಯಾಟಿ ಅವರ ರಟ್ಟೆ ಹಿಡಿದ. ಪಕ್ಕದೂರಿಂದ ಒಬ್ಬ ಕೂಲಿಯವನು ಬರಬೇಕಿತ್ತು, ಅವನೇ ಇವನು ಅಂದುಕೊಂಡ.

"ಈಗ ಬಂದ್ಯಾ ಮಾರಾಯ? ಹತ್ತು ಹತ್ತು, ನೀರು ಇಳಿಯೋ ಮುಂಚೆ ಹೊರಡ್ಬೇಕು."

ಅಯ್ಯನವರು ಲೆಕ್ಕ ಹಾಕಿದರು. ಮಾತಾಡಿದರೆ ದೋಣಿ ನಿಲ್ಲುತ್ತದೆ, ದೋಣಿ ನಿಂತರೆ ಹಂಚಿನ ಕೆಲಸವೂ ನಿಲ್ಲುತ್ತದೆ. ಕರ್ತನನ್ನು ನೆನೆದು ದೋಣಿ ಹತ್ತಿದರು.

ಬಂದರು ದಾಟಿದ ಮೇಲೆ ಮಳೆಯೂ ಹಿಡಿಯಿತು, ಅವರ ಅವಸ್ಥೆ ಹೇಳತೀರದು. ದೋಣಿಯ ಬದಿಯ ಮೇಲೆ ಒಗೆದ ಬಟ್ಟೆಯ ಹಾಗೆ ನೇತಾಡಿದರು. "ಎಲ್ಲಿಂದ ಹಿಡ್ಕೊಂಡ್ ಬಂದ್ರೋ ಇವನನ್ನ? ಮೀನು ಹಿಡಿ ಅಂದ್ರೆ ಮೀನಿಗೆ ಊಟ ಹಾಕ್ತಿದಾನೆ" ಎಂದು ವ್ಯಾಟಿ ಗೊಣಗಿದ. ಬಲೆ ಬಿಟ್ಟದ್ದೂ ಅವರಿಗೆ ಗೊತ್ತಾಗಲಿಲ್ಲ.

ಇದ್ದಕ್ಕಿದ್ದಂತೆ ಮಳೆ ಸರಿಯಿತು. ಅಯ್ಯನವರು ತಲೆಯೆತ್ತಿದರು. ಮೋಡದ ಸಂದಿಯಿಂದ ಬಿದ್ದ ಬೆಳಕಿನಲ್ಲಿ ಕಡಲು ಕೊತಕೊತ ಕುದಿಯುತ್ತಿತ್ತು. ಅದು ನೀರಲ್ಲ, ಬಂಗುಡೆ ಮೀನು, ಕಣ್ಣು ಹಾಯುವವರೆಗೂ ಬೆನ್ನಿಗೆ ಬೆನ್ನು ತಾಗಿಸಿಕೊಂಡು ಹೊರಳುತ್ತಿತ್ತು. ಬಿಳಿಯ ಕಡಲಹಕ್ಕಿಗಳು ರೆಕ್ಕೆ ಮಡಿಸಿ ಆಕಾಶದಿಂದ ನೆಟ್ಟಗೆ ಬೀಳುತ್ತಿದ್ದವು. ಆಗ ದೋಣಿಯ ಪಕ್ಕದಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಒಂದು ತಿಮಿಂಗಿಲದ ಬೆನ್ನು ಎದ್ದಿತು. ಎದ್ದಿತು, ಎದ್ದೇ ಎದ್ದಿತು, ಅದು ಮುಗಿಯುವ ಹಾಗೇ ಕಾಣಲಿಲ್ಲ. ಅದರ ಉಸಿರು ಬೆಚ್ಚಗೆ ಅಯ್ಯನವರ ಮುಖಕ್ಕೆ ತಾಗಿತು.

ಅವರಿಗೆ ಮೈ ಜುಮ್ಮೆಂದಿತು. ಹೊಟ್ಟೆಯ ಸಂಕಟ ಮರೆತುಹೋಯಿತು, ಹಂಚು ಮರೆತುಹೋಯಿತು. ಸೃಷ್ಟಿಯ ಬಗ್ಗೆ ವರ್ಷಗಟ್ಟಲೆ ಪ್ರಸಂಗ ಮಾಡಿದ್ದ ಮನುಷ್ಯ, ತಾನು ಏನು ಹೇಳುತ್ತಿದ್ದೆ ಅನ್ನುವುದು ಇವತ್ತೇ ತಿಳಿದವರಂತೆ ಅಳತೊಡಗಿದರು. ಟೋಪಿ ಕಿತ್ತೆಸೆದು ಎರಡೂ ಕೈ ಮೇಲೆತ್ತಿ, ಚರ್ಚಿನ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ, "ಕರ್ತನೇ, ನಾನು ಇಷ್ಟು ದಿನ ಏನೂ ನೋಡಿರಲಿಲ್ಲ" ಎಂದರು.

"ಕರಿ ಕೋಟು" ಎಂದ ಯಾರೋ. ಎಲ್ಲರೂ ಕಬ್ಬಿಣ ಹುಡುಕಿ ಹಿಡಿದುಕೊಂಡರು. ವ್ಯಾಟಿಯ ಮುಖ ಬಿಳಚಿಕೊಂಡಿತ್ತು.

"ಬಲೆ ಎತ್ರೋ. ಮುಳುಗೋ ಮುಂಚೆ ಮನೆ ಸೇರೋಣ."

ಬಲೆ ಮೇಲೆ ಬರಲಿಲ್ಲ. ಬಲೆ ಎಳೆಯುವ ಯಂತ್ರ ನರಳಿತು. ಕಬ್ಬಿಣ ಬಿಟ್ಟು ಎಲ್ಲರೂ ಕೈಹಾಕಿದರು, ಅಯ್ಯನವರೂ ಹಾಕಿದರು. ಕೊನೆಗೆ ಬಂದದ್ದು ಮೊಣಕಾಲು ಮುಚ್ಚುವಷ್ಟು ಬಂಗುಡೆ. ಅಷ್ಟು ತುಂಬಿದ ಬಲೆಯನ್ನು ವ್ಯಾಟಿಯ ಅಪ್ಪನೂ ಕಂಡಿರಲಿಲ್ಲ. ವ್ಯಾಟಿ ಮೀನನ್ನು ನೋಡಿದ, ಅಯ್ಯನವರನ್ನು ನೋಡಿದ, ಮೆಲ್ಲಗೆ ತಲೆಯ ಮೇಲಿನ ಟೋಪಿ ತೆಗೆದ.

ದೋಣಿ ದಕ್ಕೆಗೆ ತಾಗಿದಾಗ ಊರೇ ನೆರೆದಿತ್ತು. "ಅಯ್ನೋರೇ, ನಿಮ್ಮ ಮಾಡು ಆಗ್ಲೇ ಮುಗೀತು" ಎಂದು ಎಫಿ ಕೂಗಿ ಹೇಳಿದಳು. ಅಯ್ಯನವರ ಕಣ್ಣಲ್ಲಿ ಮತ್ತೆ ನೀರು ಬಂತು. ವ್ಯಾಟಿ ತಾನೇ ಅವರ ಕೈಹಿಡಿದು ಇಳಿಸಿದ, ಬೆನ್ನು ತೋರಿಸಲಿಲ್ಲ. ಆಮೇಲೆ ಉಳಿದ ದೋಣಿಯವರ ಜೊತೆ ತಲೆಗೆ ತಲೆ ಕೊಟ್ಟು ಏನೋ ಮಾತಾಡಿ, ಎಫಿಯ ಕಿವಿಯಲ್ಲೂ ಒಂದು ಮಾತು ಹಾಕಿದ. ಒಬ್ಬ ಗುಡ್ಡದ ಕಡೆ ಓಡಿದ.

"ಮೊದ್ಲು ಒಂದು ಕಪ್ ಟೀ ಕುಡೀರಿ" ಎಂದಳು ಎಫಿ. ಒಂದು ಕಪ್ ಆಯಿತು, ಇನ್ನೊಂದಾಯಿತು. ಹುರಿದ ಬಂಗುಡೆ ಬಂತು. ಬಡಿಸುತ್ತ ಬಡಿಸುತ್ತ ಅವಳು ಕಿಟಕಿಯಾಚೆ ಗುಡ್ಡದ ಕಡೆಗೇ ನೋಡುತ್ತಿದ್ದಳು. ಅಯ್ಯನವರು ಗಮನಿಸಲಿಲ್ಲ. ಇಂಥ ಜನರ ನಡುವೆ ಇರುವುದೂ ಒಂದು ಕೃಪೆ ಅಂದುಕೊಂಡರು.

ಮತ್ತೆ ಹಿಡಿದ ಮಳೆಯಲ್ಲಿ ಗುಡ್ಡ ಹತ್ತಿ ಮನೆಯ ಮುಂದೆ ಬಂದರೆ, ಡಾಡ್ ಮತ್ತವನ ಕಡೆಯವರು ಇನ್ನೂ ಮಾಡಿನ ಮೇಲೇ ಇದ್ದರು.

"ಇನ್ನೂ ಕೆಲಸ ಇದೆಯಾ ಡಾಡ್? ಮುಗೀತು ಅಂದ್ರಲ್ಲ ಎಫಿ."

"ಮುಗಿದಿತ್ತು ಅಯ್ನೋರೇ. ಒಂದು ಹನಿ ಒಳಗೆ ಬರ್ತಿರ್ಲಿಲ್ಲ." ಡಾಡ್ ಒಂದು ಹಂಚನ್ನು ಜೋಪಾನವಾಗಿ ಎಬ್ಬಿಸಿ ಕೆಳಗಿದ್ದವನ ಕೈಗೆ ಕೊಟ್ಟ. "ನೀವು ಬಂದರಲ್ಲೇ ಇರ್ಬೇಕು ಅಂತ ಅಣ್ಣ ಹೇಳ್ಕಳಿಸ್ದ, ಅದಕ್ಕೇ ಬಿಚ್ತಾ ಇದೀವಿ. ನಾಳೆ ಅವನ ದೋಣಿಗೇ ನೀವು, ನಾಡಿದ್ದಿಂದ ಉಳಿದೋರಿಗೆ ಸರದಿ. ಹೋಗಿ ಮಲಗಿ ಅಯ್ನೋರೇ, ಬೆಳಗಿನ ಜಾವವೇ ಹೊರಡೋದು."