ನಲವತ್ತೆಂಟು ಡಿಗ್ರಿಯ ಮಾರ್ಚ್

ಸುಳ್ಳುಗಳಲ್ಲಿ ಸೆಖೆಯ ಬಗ್ಗೆ ಹೇಳುವ ಸುಳ್ಳಿನಷ್ಟು ನಿರುಪದ್ರವಿ ಬೇರೊಂದಿಲ್ಲ ಎಂದು ನಾನು ಹತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ. ಅದರಿಂದ ಯಾರ ಮನೆಯೂ ಹಾಳಾಗುವುದಿಲ್ಲ, ಯಾರ ಮದುವೆಯೂ ಮುರಿಯುವುದಿಲ್ಲ. ಅಬುಧಾಬಿಯಿಂದ ಊರಿಗೆ ಫೋನ್ ಮಾಡುವ ನಾವೆಲ್ಲ ಮೊದಲು "ಎಂತ ಸೆಖೆ ಮಾರಾಯ್ರೆ, ಬೆಂದು ಹೋದೆವು" ಎನ್ನುತ್ತೇವೆ. ಉಳಿದ ಮಾತು ಆಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅಪ್ಪಟ ಸತ್ಯ. ಆದರೆ ನಾಲಗೆಗೆ ಅಭ್ಯಾಸವಾದದ್ದು ಕ್ಯಾಲೆಂಡರ್ ನೋಡಿ ನಿಲ್ಲುವುದಿಲ್ಲವಲ್ಲ. ನಾನು ಡಿಸೆಂಬರ್‌ನಲ್ಲೂ ಬೇಯುತ್ತಿದ್ದೆ. ನಿಜ ಹೇಳಬೇಕೆಂದರೆ, ಹಮ್ದಾನ್ ಸ್ಟ್ರೀಟಿನ ನಮ್ಮ ಆಫೀಸಿನಲ್ಲಿ ಎಸಿಯ ಗಾಳಿ ನೇರವಾಗಿ ನನ್ನ ನೆತ್ತಿಗೇ ಬೀಸುತ್ತದೆ. ವರ್ಷದ ಹನ್ನೆರಡು ತಿಂಗಳೂ ನಾನು ಅಲ್ಲಿ ಕಂದು ಬಣ್ಣದ ಸ್ವೆಟರ್ ಹಾಕಿಕೊಂಡು ಕೂರುವವನು. ಈ ಸ್ವೆಟರಿನ ಸಂಗತಿ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ಸುಳ್ಳಿನಿಂದ ನನಗೆ ಸಿಕ್ಕಿದ್ದು ಒಂದು ಈಸಿ ಚೇರು. ಪ್ರತಿ ಜುಲೈಯಲ್ಲಿ ರಜೆಗೆ ಮೂಲ್ಕಿಯ ಅಕ್ಕನ ಮನೆಗೆ ಹೋದರೆ ಜಗಲಿಯ ಆ ಕುರ್ಚಿ ನನಗೇ ಮೀಸಲು. "ಪಾಪ, ಅಲ್ಲಿ ಬೆಂದು ಬಂದಿದ್ದಾನೆ, ಅವನಿಗೆ ಎಂತ ಕೆಲಸವೂ ಹೇಳ್ಬೇಡಿ" ಎಂದು ಅಕ್ಕ ಮನೆಮಂದಿಗೆಲ್ಲ ಮೊದಲೇ ತಾಕೀತು ಮಾಡಿರುತ್ತಾಳೆ. ಮಳೆಗಾಲದಲ್ಲಿ ಅವಳ ಅಂಗಳಕ್ಕೆ ಪಾಚಿ ಹಿಡಿಯುತ್ತದೆ. ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜದಿದ್ದರೆ ಬಂದವರೆಲ್ಲ ಜಾರಿ ಬೀಳುವುದು ಖಂಡಿತ. ಭಾವ ಉಜ್ಜುತ್ತಾರೆ, ಅವರ ಮಗ ಉಜ್ಜುತ್ತಾನೆ. ನಾನು ಕುರ್ಚಿಯಲ್ಲಿ ಒರಗಿ, ಗೋಳಿಬಜೆ ತಿನ್ನುತ್ತಾ, "ಅಗೋ, ತುಳಸಿಕಟ್ಟೆಯ ಹಿಂದೆ ಸ್ವಲ್ಪ ಉಳಿಯಿತು" ಎಂದು ತೋರಿಸುತ್ತೇನೆ. ಈ ಸ್ಥಾನಮಾನಕ್ಕೆ ದಾಖಲೆಯಾಗಿ ಒಂದು ಫೋಟೋ ಕೂಡ ಇತ್ತು. ಹಿಂದೊಮ್ಮೆ ಆಗಸ್ಟಿನ ಮಧ್ಯಾಹ್ನ ಬಿಸಿಲಲ್ಲಿ ನಿಂತ ನನ್ನ ಕಾರಿನಲ್ಲಿ ನಲವತ್ತೆಂಟು ಡಿಗ್ರಿ ಎಂದು ತೋರಿಸುತ್ತಿತ್ತು. ಅಂಕಿಯ ಪಕ್ಕದಲ್ಲಿ ನನ್ನ ಮಗಳು ಅಂಟಿಸಿದ್ದ ಹಳದಿ ಬಾತುಕೋಳಿ. ಅದನ್ನು ಕ್ಲಿಕ್ಕಿಸಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಳುವ ಮುಖಗಳು ಸಾಲುಗಟ್ಟಿ ಬಂದವು. ಅಂದಿನಿಂದ, ಊರವರು ನನ್ನನ್ನು ಮರೆಯುತ್ತಿದ್ದಾರೆ ಅನ್ನಿಸಿದಾಗಲೆಲ್ಲ ಅದೇ ಫೋಟೋ ಕಳಿಸುತ್ತಿದ್ದೆ. ಈ ಫೆಬ್ರವರಿಯಲ್ಲೂ ಕಳಿಸಿದ್ದೆ. ಅದೇ ನಾನು ಮಾಡಿದ ತಪ್ಪು.

ಫೋಟೋ ನೋಡಿದ ಅಕ್ಕ ಫೋನ್ ಮಾಡಿ, "ನಿನ್ನ ಕಷ್ಟ ಒಮ್ಮೆ ಕಣ್ಣಾರೆ ನೋಡ್ಬೇಕು ಮಾರಾಯ" ಎಂದಳು. ಮಾರ್ಚ್ ಒಂದಕ್ಕೆ ಅಬುಧಾಬಿಯ ಖಾಲಿದಿಯಾ ಬಡಾವಣೆಯ ನಮ್ಮ ಫ್ಲಾಟಿಗೆ ಬಂದೇಬಿಟ್ಟಳು, ವಿಸಿಟ್ ವೀಸಾದ ಮೇಲೆ ಒಂದು ತಿಂಗಳಿಗೆ. ಅವಳ ಪೆಟ್ಟಿಗೆಯಲ್ಲಿ ನನ್ನ ದೇಹ ತಂಪಾಗಲೆಂದು ಎರಡು ಕಿಲೋ ಪುನರ್ಪುಳಿ ಸಿಪ್ಪೆ, ಲಾವಂಚದ ಬೇರು, ಜೊತೆಗೆ ಒಂದು ಬೀಸಣಿಗೆ. ಬೀಸಣಿಗೆ ನೋಡಿ ನನ್ನ ಹೆಂಡತಿ ವಾಣಿ ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕು ಬಂದಳು. "ಆಗಸ್ಟಿಗೆ ಕರೀಬೇಕಿತ್ತು ನೀವು. ಈಗ ಈ ಮಾರ್ಚನ್ನು ಎಲ್ಲಿ ಅಡಗಿಸಿಡ್ತೀರಿ?" ಎಂದಳು.

ಆ ಮಾರ್ಚ್ ನನ್ನ ಮೇಲೆ ಹಗೆ ಸಾಧಿಸುವಂತೆ ಚೆನ್ನಾಗಿತ್ತು. ಮೊದಲ ವಾರ ಬೆಳಿಗ್ಗೆ ಬೆಳಿಗ್ಗೆ ಮಂಜು. ಎದುರಿನ ಕಟ್ಟಡಗಳು ಹತ್ತನೇ ಮಹಡಿಯಿಂದ ಮೇಲೆ ಇಲ್ಲವೇ ಇಲ್ಲ. ಅಕ್ಕ ಶಾಲು ಹೊದ್ದು ಬಾಲ್ಕನಿಯಲ್ಲಿ ನಿಂತು, "ಇದು ಆಗುಂಬೆ ಘಾಟಿಯ ಹಾಗೆ ಉಂಟಲ್ಲ" ಎಂದಳು. "ಇವತ್ತೊಂದು ದಿನ ಹೀಗೆ ಅಕ್ಕ, ನಾಳೆ ನೋಡು" ಎಂದೆ. ನಾಳೆ ಕಾರ್ನಿಷ್ ಎಂಬ ಕಡಲತಡಿಯ ರಸ್ತೆಯಲ್ಲಿ ಸಮುದ್ರದ ತಂಗಾಳಿ. ರಸ್ತೆಯ ನಡುವೆಲ್ಲ ನೇರಳೆ, ಬಿಳಿ ಹೂವಿನ ಹಾಸು. ಎರಡನೇ ವಾರ ಮಳೆ. ಮಳೆ ಅಂದರೆ ಕಾಲು ಗಂಟೆ. ಅದಕ್ಕೇ ಶಾಲೆಯವರು ಮಕ್ಕಳಿಗೆ ಮನೆಯಿಂದಲೇ ಪಾಠ ಎಂದು ಹಿಂದಿನ ದಿನವೇ ಸಂದೇಶ ಕಳಿಸಿದ್ದರು. ನಮ್ಮ ಕಟ್ಟಡದ ಜನರೆಲ್ಲ ಬಾಲ್ಕನಿಗೆ ಬಂದು ಮಳೆಯ ವಿಡಿಯೋ ತೆಗೆಯುತ್ತಿದ್ದರು. ಮೂಲ್ಕಿಯ ಅಕ್ಕ ಅವರನ್ನೂ ಮಳೆಯನ್ನೂ ನೋಡಿ, "ಇಷ್ಟಕ್ಕೆ ರಜೆಯಾ?" ಎಂದು ಕೇಳಿದಳು. ನನ್ನ ಮಗಳು ನಿಧಿ, "ಬಟ್ ಅತ್ತೆ, ಇಟ್ಸ್ ಹೆವಿ ರೈನ್" ಎಂದಳು.

ಮೂರನೇ ವಾರ ಗಾಳಿ ಎದ್ದಿತು, ಧೂಳು ಕವಿಯಿತು. ಆಹಾ, ಈಗ ಮರುಭೂಮಿ ತನ್ನ ಮಾನ ಉಳಿಸಿಕೊಂಡಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಅಕ್ಕ ಕಿಟಕಿ ಮುಚ್ಚಿ ಸೊಗಸಾಗಿ ನಿದ್ದೆ ಮಾಡಿ ಎದ್ದಳು. ಆ ವಾರದಲ್ಲೇ ವಾಣಿ ಅವಳನ್ನು ಪೇಟೆಗೆ ಕರೆದುಕೊಂಡು ಹೋದವಳು, ಹತ್ತಿರವೇ ಅಲ್ಲವೇ ಎಂದು, ಹೇಳದೆ ಕೇಳದೆ ನನ್ನ ಆಫೀಸಿಗೆ ಬಂದಳು. ತಲೆ ಎತ್ತಿ ನೋಡಿದರೆ ಎದುರಿಗೆ ಅಕ್ಕ. ನಾನು ಸ್ವೆಟರಿನಲ್ಲಿ, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು, ಬಿಸಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೇನೆ. ಅಕ್ಕ ಸ್ವೆಟರಿನ ತೋಳನ್ನು ಬೆರಳಲ್ಲಿ ಹಿಡಿದು ನೋಡಿ, "ಒಳ್ಳೆ ಉಣ್ಣೆ" ಎಂದಳಷ್ಟೇ. ಸಂಜೆ ಕಾರಿನಲ್ಲಿ ಕೂತವಳು ಮುಂದೆಲ್ಲ ಕಣ್ಣಾಡಿಸಿ ಕೇಳಿದಳು: "ಆ ಬಾತುಕೋಳಿ ಎಲ್ಲಿ?"

"ಅದು ಹಳೇ ಕಾರಲ್ಲಿತ್ತು."

"ಅದು ಮಾರಿ ಎಷ್ಟು ಸಮಯ ಆಯ್ತು?"

"ಮೂರು ವರ್ಷ" ಎಂದಳು ವಾಣಿ, ಹಿಂದಿನ ಸೀಟಿನಿಂದ. ನನ್ನ ಹೆಂಡತಿಗೆ ಲೆಕ್ಕ ಯಾವತ್ತೂ ತಪ್ಪುವುದಿಲ್ಲ.

ಅಕ್ಕ ಕಿಟಕಿಯ ಕಡೆ ತಿರುಗಿ ರಸ್ತೆಯ ಹೂವುಗಳನ್ನು ನೋಡತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಈಸಿ ಚೇರಿಗಿಂತ ಹೆಚ್ಚಾಗಿ, "ಪಾಪ" ಎನ್ನುವ ಅವಳ ಆ ಒಂದು ಮಾತು ಕೈಬಿಟ್ಟು ಹೋಗುತ್ತದಲ್ಲ ಎಂದು ನಿಜಕ್ಕೂ ಬೇಸರವಾಯಿತು. ಇಷ್ಟು ವರ್ಷ ದೂರ ಇದ್ದವನಿಗೆ ಊರಿನಲ್ಲಿ ಇದ್ದ ಆಸ್ತಿ ಅದೊಂದೇ.

ಹೊರಡುವ ಹಿಂದಿನ ದಿನ, ಕೊನೆಗೂ, ಬಿಸಿಲು ಏರಿತು. ಮಧ್ಯಾಹ್ನ ಎರಡು ಗಂಟೆಗೆ ಅವಳನ್ನು ಬೇಕೆಂದೇ ನಡೆಸಿಕೊಂಡು ಸೂಪರ್ ಮಾರ್ಕೆಟಿಗೆ ಹೋದೆ. "ನೋಡಕ್ಕ, ಇದು ಶುರು ಅಷ್ಟೇ" ಎಂದೆ, ಬೆವರು ಒರೆಸುತ್ತಾ. ಅವಳು ಆಕಾಶ ನೋಡಿ, "ನಮ್ಮಲ್ಲಿ ಈಗ ಇದಕ್ಕಿಂತ ಜಾಸ್ತಿ ಉಂಟು" ಎಂದಳು. ಮರುದಿನ ವಿಮಾನ ನಿಲ್ದಾಣದಲ್ಲಿ ಬೀಸಣಿಗೆಯನ್ನು ನನ್ನ ಕೈಗೆ ಕೊಟ್ಟು, "ಇರಲಿ, ಆಗಸ್ಟಿಗೆ ಬೇಕಾಗ್ತದೆ" ಎಂದು ಬೆನ್ನು ತಟ್ಟಿ ಹೋದಳು.

ಎರಡು ದಿನ ವಾಟ್ಸಾಪ್ ತೆರೆಯಲು ಧೈರ್ಯ ಬರಲಿಲ್ಲ. ಮೂರನೆಯ ದಿನ ಆಫೀಸಿನಲ್ಲಿದ್ದಾಗ ವಿಡಿಯೋ ಕಾಲ್ ಬಂತು. ತೆರೆದರೆ ಜಗಲಿ. ನನ್ನ ಈಸಿ ಚೇರಿನಲ್ಲಿ ಅಕ್ಕ ಕಣ್ಣು ಮುಚ್ಚಿ ಮಲಗಿದ್ದಾಳೆ, ಹಣೆಯ ಮೇಲೆ ಒದ್ದೆ ಬಟ್ಟೆ. ಅವಳ ಸೊಸೆ ಸುಮಾ ಪಕ್ಕದಲ್ಲಿ ಎಳನೀರಿನ ಬೊಂಡ ಹಿಡಿದು ನಿಂತಿದ್ದಾಳೆ. "ಅತ್ತೆ ಅಲ್ಲಿ ತುಂಬ ಬಳಲಿ ಬಂದಿದ್ದಾರೆ ಮಾವ. ಅಡುಗೆಮನೆಗೆ ಬರ್ಲೇಬೇಡಿ ಅಂತ ನಾವೇ ಹೇಳಿದ್ದು" ಎಂದಳು ಸುಮಾ. ಅಕ್ಕ ಒಂದು ಕಣ್ಣು ಮಾತ್ರ ತೆರೆದು, "ಎಂತ ಸೆಖೆ ಮಾರಾಯ ನಿನ್ನ ಊರಲ್ಲಿ, ನನಗೆ ಸೊಂಟವೇ ಹಿಡಿದು ಹೋಯ್ತು" ಎಂದು ನರಳಿದಳು. "ಜುಲೈಗೆ ನೀನು ಬರ್ತೀಯಲ್ಲ, ಅಂಗಳ ಉಜ್ಜಲಿಕ್ಕೆ ಒಂದು ಜನ ಆಯ್ತು. ನಿನಗೇನು, ಅಭ್ಯಾಸ ಆಗಿದೆ."

ಫೋನಿಟ್ಟು ಕುಟುಂಬದ ಗುಂಪು ತೆರೆದೆ. ಅಕ್ಕ ಆ ಬೆಳಿಗ್ಗೆಯೇ ಒಂದು ಫೋಟೋ ಹಾಕಿದ್ದಳು. ನಲವತ್ತೆಂಟು ಡಿಗ್ರಿ, ಪಕ್ಕದಲ್ಲಿ ಹಳದಿ ಬಾತುಕೋಳಿ. ಕೆಳಗೆ ಬರೆದಿದ್ದಳು: "ನಾನು ಇದ್ದಾಗಿನ ಹವೆ." ಅದರ ಕೆಳಗೆ ಅಳುವ ಮುಖಗಳ ಸಾಲು, ನನಗೆ ಬಂದದ್ದಕ್ಕಿಂತ ಉದ್ದ. ಆಫೀಸಿನಲ್ಲಿ ಎಸಿ ಎಂದಿನಂತೆ ನೆತ್ತಿಗೆ ಬೀಸುತ್ತಿತ್ತು. ನಾನು ಸ್ವೆಟರಿನ ಮೇಲಿನ ಗುಂಡಿ ಹಾಕಿಕೊಂಡು, "ಹೌದು, ಈ ಮಾರ್ಚಿನಲ್ಲಿ ಅಕ್ಕ ತುಂಬ ಕಷ್ಟಪಟ್ಟಳು" ಎಂದು ಬರೆದು ಕಳಿಸಿದೆ.