ಹಂಪಣ್ಣ ಹೆಡೆ ಅಂಟಿಸಿದ ಹಾವು

ಹಾವಿನ ಫೋಟೋ ತೆಗೆಯುವುದರಲ್ಲಿ ಯಾದಗಿರಿ ಜಿಲ್ಲೆಗೇ ಮೊದಲಿಗನಾಗುತ್ತೇನೆ ಎಂದು ಹಂಪಣ್ಣ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಪ್ರತಿಜ್ಞೆ ಮಾಡಿದ. ಬಾಯಲ್ಲಿ ಬ್ರಷ್ ಇದ್ದದ್ದರಿಂದ ಹೆಂಡತಿ ಚಂದಮ್ಮನಿಗೆ ಅದು ತಿಳಿಯಲಿಲ್ಲ. ತಿಳಿದಿದ್ದರೆ ಮುಂದಿನ ಅನಾಹುತವನ್ನು ಬಚ್ಚಲಲ್ಲೇ ತಡೆಯುತ್ತಿದ್ದಳು.

ಹಂಪಣ್ಣನದು ಶಹಾಪುರದ ಬಸ್ ನಿಲ್ದಾಣದ ಹಿಂದೆ ಫೋಟೋ ಸ್ಟುಡಿಯೋ. ಅಂಗಿಯಲ್ಲಿ ಬಂದವನಿಗೆ ಕೋಟು, ಬೋಳು ತಲೆಗೆ ಕ್ರಾಪು, ಹುಣಸೆ ಮರದ ಕೆಳಗೆ ನಿಂತ ಮದುಮಕ್ಕಳಿಗೆ ಹಿಮದ ಬೆಟ್ಟ, ಎಲ್ಲವೂ ಅವನ ಕಂಪ್ಯೂಟರಿನಲ್ಲಿ ಧಾರಾಳವಾಗಿ ಸಿಗುತ್ತಿದ್ದವು. ಮನೆ ಊರ ಹೊರಗೆ, ಕಾಲುವೆಯ ದಂಡೆಗೆ, ಚಂದಮ್ಮ ಮುಂದೆ ನಿಂತು ಮಾಡಿಸುವ ಗದ್ದೆಯ ಪಕ್ಕದಲ್ಲಿ. ಕಾಲುವೆ ಬಂದದ್ದೇ ಜೋಳದ ಹೊಲ ಹೋಗಿ ಭತ್ತದ ಗದ್ದೆಯಾಯಿತು. ಭತ್ತ ತಿನ್ನಲು ಇಲಿ ಬಂದವು, ಇಲಿ ತಿನ್ನಲು ಹಾವು ಬಂದವು, ಹಾವಿನ ಹಿಂದೆ ಹಂಪಣ್ಣ ಬಂದ.

ಹಿಂದೆ ಎಂದರೆ ಬಹಳ ಹಿಂದೆ. ಲುಂಗಿಯ ಕೆಳಗೆ ಗಂಬೂಟು, ಕೈಯಲ್ಲಿ ಮೊಳದುದ್ದದ ಲೆನ್ಸು, ಅವನಿಗೂ ಹಾವಿಗೂ ನಡುವೆ ಒಂದಿಡೀ ಗದ್ದೆ. ಹೀಗೆ ತೆಗೆದ ನೀರುಹಾವನ್ನು ‘ನಮ್ಮ ಹಾವು ನಮ್ಮ ಹೆಮ್ಮೆ’ ಎಂಬ ವಾಟ್ಸಾಪ್ ಗುಂಪಿಗೆ ಹಾಕಿದ. ಸುರಪುರದ ಗುಡ್ಡದಲ್ಲಿ ನಿಜವಾದ ನಾಗರಹಾವು ಹಿಡಿದು ತೋರಿಸಿದ್ದ ಅಮೋಘಸಿದ್ದನೆಂಬಾತ ಕೆಳಗೆ ಬರೆದ: ‘ಹಂಪಣ್ಣೋರ, ಇದು ಹಾವೋ, ಪೈಜಾಮದ ಲಾಡಿಯೋ?’

ಹಂಪಣ್ಣನಿಗೆ ಅನ್ನ ಸೇರಲಿಲ್ಲ. ಸ್ಟುಡಿಯೋದ ಬಾಗಿಲು ಹಾಕಿಕೊಂಡು ಕೂತ. ಗೋಡೆಯ ಕ್ಯಾಲೆಂಡರಿನಲ್ಲಿ ವಿಷ್ಣುವಿಗೆ ಹಾಸಿಗೆಯಾಗಿ ಮಲಗಿದ್ದ ಆದಿಶೇಷನಿಂದ ಐದು ಹೆಡೆ ಕತ್ತರಿಸಿ ನೀರುಹಾವಿಗೆ ಅಂಟಿಸಿದ. ಮೈಯನ್ನು ತೊಲೆಯಷ್ಟು ದಪ್ಪ ಮಾಡಿದ. ನಡು ಹೆಡೆಯ ಮೇಲೆ ಒಂದು ರತ್ನವನ್ನೂ ಇಟ್ಟ. ಗುಂಪಿಗೆ ಹಾಕಿದ ಗಳಿಗೆಯಿಂದ ಕೈಮುಗಿದ ಚಿತ್ರಗಳು ಸುರಿಯತೊಡಗಿದವು. ಅಮೋಘಸಿದ್ದ ಸುಮ್ಮನಾದ. ಹಂಪಣ್ಣ ಎರಡು ರೊಟ್ಟಿ ಹೆಚ್ಚಿಗೆ ಉಂಡು ಮಲಗಿದ.

ಮರುದಿನ ಚಂದಮ್ಮನ ಗದ್ದೆಗೆ ನಾಟಿ. ಸಸಿ ಬಲಿತು ನಿಂತಿತ್ತು, ಕಾಲುವೆಗೆ ನೀರು ಬಂದಿತ್ತು, ಮನೆಯ ವರ್ಷದ ಅನ್ನವೆಲ್ಲ ಆ ಸಸಿಮಡಿಯಲ್ಲೇ ಇತ್ತು. ಮೋನಮ್ಮನ ಕೂಲಿ ತಂಡವನ್ನು ಹೊತ್ತ ಟಂಟಂ ಆಟೋ ದೂರದಲ್ಲಿ ಕಾಣಿಸಿತು, ಕಾಲುವೆಯ ಸೇತುವೆ ಮೇಲೆ ನಿಂತಿತು, ಹಾಗೇ ತಿರುಗಿತು.

ಚಂದಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದಳು. “ಏ ಮೋನಮ್ಮ, ಎಲ್ಲಿಗಿ ಹೊಂಟೀ?”

“ನಿಮ್ಮ ಗದ್ದ್ಯಾಗ ಐದು ಹೆಡಿ ನಾಗಪ್ಪ ಬಂದಾನಂತಲ್ರೀ ಅಕ್ಕಾ. ಅಂವ ಮಾರಿ ತೋರಿಸಿದ ಮಣ್ಣಿಗಿ ನಾವು ಕೈ ಹಚ್ಚಂಗಿಲ್ಲ. ಫೋಟೋದಾಗ ನಿಮ್ಮ ಒಡ್ಡು ಖುಲ್ಲಾ ಕಾಣಸ್ತದ.”

ಚಂದಮ್ಮ ಮನೆಗೆ ಬಂದು ಗಂಡನ ಮುಂದೆ ನಿಂತಳು. ಹಂಪಣ್ಣ ಹೆಡೆಗಳ ಮೂಲವನ್ನು ತೊದಲುತ್ತ ಒಪ್ಪಿಕೊಂಡ.

“ಸಸಿ ಹಳದಿ ಆಗಾಕತ್ತಾದ. ಈ ನೀರು ಹೋದ್ರ ಮತ್ತ ಯಾವಾಗೋ. ನಾ ಏನ್ ಹಚ್ಚಲಿ, ನಿಮ್ಮ ಹೆಡಿ ಹಚ್ಚಲೇನು?” ಅಂದವಳು ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳ ಕಣ್ಣಲ್ಲಿ ನೀರು ನೋಡಿ ಹಂಪಣ್ಣ ಪಕ್ಕದಲ್ಲೇ ಕೂತ.

“ಫಿಕರ್ ಮಾಡಬ್ಯಾಡ. ಕರಸ್ದಂವ ನಾನ, ಕಳಸಂವನೂ ನಾನ.”

ಸುಳ್ಳು ಅಂತ ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗುಂಪಿನಲ್ಲಿ ಅಮೋಘಸಿದ್ದ ಇದ್ದಾನಲ್ಲ. ಹಂಪಣ್ಣ ಮನೆಯ ಕಂಪ್ಯೂಟರಿನಲ್ಲೇ ಇನ್ನೊಂದು ಫೋಟೋ ಸಿದ್ಧಪಡಿಸಿದ: ನಾಗಪ್ಪ ಒಡ್ಡು ದಾಟಿ, ಬೆನ್ನು ತೋರಿಸಿ, ಗದ್ದೆ ಬಿಟ್ಟು ಹೋಗುತ್ತಿದ್ದಾನೆ. ಬಾಲದ ತುದಿಗೆ ಬಿಸಿಲು ಬಿದ್ದದ್ದನ್ನೂ ಬಿಡಿಸಿದ. ಕಳಿಸಿ ಚಹಾ ಕುಡಿಯುತ್ತಿರುವಾಗಲೇ ಪಕ್ಕದ ಗದ್ದೆಯ ಗೊಲ್ಲಾಳಮ್ಮ ಕುಡುಗೋಲು ಹಿಡಿದೇ ಅಂಗಳಕ್ಕೆ ಬಂದಳು.

“ಹಂಪಣ್ಣ, ನಿನ್ನ ಹಾವಿಗಿ ಹೋಗಾಕ ನನ್ನ ಹೊಲನ ಸಿಕ್ತೇನೋ ತಮ್ಮಾ? ಹಿಂದ ನನ್ನ ನೀಲಿ ಪಂಪ್‌ಸೆಟ್ ಮನಿ ಕಾಣ್ತದ. ನನ್ನ ಆಳುಗಳು ಅರ್ಧ ನಾಟಿ ಬಿಟ್ಟು ಎದ್ದು ಹೋಗ್ಯಾರ.”

“ಇಲ್ಲೇ ನಿಂದರ್ರಿ ಅಕ್ಕಾ, ಈಗ ಕಳಸ್ತೀನಿ,” ಎಂದು ಹಂಪಣ್ಣ ಮತ್ತೆ ಕಂಪ್ಯೂಟರಿಗೆ ಓಡಿದ. ಯಾರ ಹೊಲಕ್ಕೂ ಹೋಗದಂತೆ ಈ ಸಲ ನಾಗಪ್ಪನನ್ನು ಕಾಲುವೆಗೆ ಇಳಿಸಿದ. ಐದೂ ಹೆಡೆ ನೀರಿನ ಮೇಲೆತ್ತಿಕೊಂಡು ನಾಗಪ್ಪ ರಾಜಗಾಂಭೀರ್ಯದಿಂದ ಕೆಳಮುಖವಾಗಿ ಈಜುತ್ತಿದ್ದ. ಇಷ್ಟು ಚೆಂದದ ಕೆಲಸ ತಾನು ಯಾವ ಮದುವೆ ಆಲ್ಬಮ್ಮಿಗೂ ಮಾಡಿಲ್ಲ ಅನ್ನಿಸಿತು ಅವನಿಗೆ.

ಕಾಲುವೆಯ ಕೆಳಗೂ ಊರುಗಳಿವೆ, ಆ ಊರುಗಳಲ್ಲೂ ನಾಟಿ ನಡೆದಿದೆ ಎಂಬುದು ಕಲಾವಿದನಿಗೆ ಹೊಳೆಯಲಿಲ್ಲ. ಕೆಳಗಿನವರು ಟ್ರ್ಯಾಕ್ಟರ್ ಹತ್ತಿ ಮೇಲಕ್ಕೆ ಬಂದರು. ನೀರೇ ಬರದಿದ್ದರೆ ನಾಗಪ್ಪ ಹೇಗೆ ಬಂದಾನು ಎಂದು ಗದ್ದಲ ಮಾಡಿ ಉಪಕಾಲುವೆಯ ಗೇಟನ್ನೇ ಇಳಿಸಿ ಬೀಗ ಹಾಕಿಸಿದರು. ಸಂಜೆಗೆ ಕಾಲುವೆಯ ತಳದ ಕಲ್ಲು ಕಾಣತೊಡಗಿದವು. ಗದ್ದೆಯಲ್ಲಿ ಉಳಿದದ್ದು ಕೆಸರು. ಚಂದಮ್ಮ ಬೈಯಲೂ ಇಲ್ಲ. ಅವಳು ಬೈದಿದ್ದರೆ ಹಂಪಣ್ಣನಿಗೆ ಸ್ವಲ್ಪ ಧೈರ್ಯವಾದರೂ ಇರುತ್ತಿತ್ತು.

ಬೆಳಗಾಗುತ್ತಲೇ ಹಂಪಣ್ಣ ತಾನೇ ಹೋಗಿ ಮೋನಮ್ಮನ ತಂಡವನ್ನು ಕೈಮುಗಿದು ಕರೆತಂದ. ಒಡ್ಡಿನ ಮೇಲೆ ಎಲ್ಲರ ಮುಂದೆ ಮೂಲ ಫೋಟೋ ತೆಗೆದು ತೋರಿಸಿದ.

“ನೋಡವ್ವ ಮೋನಮ್ಮ, ಖರೆ ಹಾವು ಇಷ್ಟ. ಹೆಡಿ ಎಲ್ಲಾ ನಾ ಅಂಟಿಸೀನಿ.”

ಮೋನಮ್ಮ ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. “ಸಣ್ಣದು ದೊಡ್ಡದು ಮಾಡಂವ್ರು ದೊಡ್ಡದು ಸಣ್ಣದು ಮಾಡಂಗಿಲ್ಲೇನ್ರಿ ಸಾವ್ಕಾರ್ರ? ನಮಗ ಕೆಲಸಕ್ಕ ಇಳಸಾಕ ನಾಗಪ್ಪನ ಹೆಡಿ ಅಳಿಸೀರಿ.”

“ನನ್ನ ಮಾತರೇ ನಂಬು.”

“ಮದಿವ್ಯಾಗ ನನ್ನ ಹಿಂದ ವಿಮಾನ ಹಚ್ಚಿ ಕೊಟ್ಟಂವ್ರು ನೀವ.”

ಹಂಪಣ್ಣನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಜನ್ಮದಲ್ಲಿ ಮೊದಲ ಸಲ ತಿದ್ದದ ಫೋಟೋ ತೋರಿಸಿದರೆ ಅದನ್ನೇ ಯಾರೂ ನಂಬುತ್ತಿಲ್ಲ.

“ಗದ್ದಿಗಿ ಇಳೀರಿ,” ಅಂದಳು ಚಂದಮ್ಮ. “ಬರಿಗಾಲಿಲೇ ಇಳೀರಿ. ನಿಮಗ ಏನೂ ಆಗಲಿಲ್ಲಂದ್ರ ಅವರೂ ಇಳೀತಾರ.”

ಗಂಬೂಟು ಬಿಚ್ಚಿಟ್ಟು, ಸಸಿಯ ಕಟ್ಟು ಹಿಡಿದು, ಜಿಲ್ಲೆಯ ಸರ್ಪ ಛಾಯಾಗ್ರಾಹಕ ಕೆಸರಿಗೆ ಇಳಿದ. ಒಂದು ಸಾಲು ಹೇಗೋ ಸಾಗಿತು. ಅಷ್ಟರಲ್ಲಿ ಕಾಲ ಸಂದಿನಲ್ಲಿ ಏನೋ ತಣ್ಣಗೆ ಸರಿಯಿತು. ಬಗ್ಗಿ ನೋಡಿದ. ಲೆನ್ಸಿಲ್ಲದೆ ಹಾವು ನೋಡಿದ್ದು ಅದೇ ಮೊದಲು. ಹಂಪಣ್ಣ ಹೊರಡಿಸಿದ ಕೂಗು ಗೊಲ್ಲಾಳಮ್ಮನ ಪಂಪ್‌ಸೆಟ್ಟಿನವರೆಗೂ ಕೇಳಿಸಿತು. ಸಸಿ ಒಂದು ಕಡೆ ಹಾರಿತು, ಲುಂಗಿ ಕೆಸರಲ್ಲಿ ಉಳಿಯಿತು, ಪಟ್ಟಾಪಟ್ಟಿ ಚಡ್ಡಿಯಲ್ಲಿ ಹಂಪಣ್ಣ ಒಡ್ಡಿನ ಕಡೆ ಓಡಿದ. ಹಿಂದೆ ಒಂದು ಎಳೆಯ ನೀರುಹಾವು, ಅವನಿಗಿಂತ ಹೆಚ್ಚು ಹೆದರಿ, ಬೇರೆ ದಿಕ್ಕಿಗೆ ಓಡಿತು. ಮೋನಮ್ಮ ಅಷ್ಟನ್ನೂ ತನ್ನ ಮೊಬೈಲಿನಲ್ಲಿ ಒಂದೇ ಫೋಟೋದಲ್ಲಿ ಹಿಡಿದಳು.

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಗದ್ದೆಗೆ ಇಳಿದರು.

“ನಾವೇನೋ ಇಳಿದ್ವಿ,” ಅಂದಳು ಮೋನಮ್ಮ, “ಈ ಕೆಸರು ಸಂಜೀತನಾ ಇರಂಗಿಲ್ಲ. ನೀರು ಬೇಕಂದ್ರ ಈ ಫೋಟೋ ಕೆಳಗಿನ ಊರಿನವ್ರು ನೋಡಬೇಕ್ರಿ. ನೋಡಿದ್ರ ಗೇಟು ತಗೀತಾರ.”

ಹಂಪಣ್ಣ ಟವೆಲು ಸುತ್ತಿಕೊಂಡು ಫೋಟೋ ನೋಡಿದ. ಹಾವು ಸ್ಪಷ್ಟವಾಗಿತ್ತು. ಚಡ್ಡಿ ಅದಕ್ಕಿಂತ ಸ್ಪಷ್ಟವಾಗಿತ್ತು.

“ಮೋನಮ್ಮ, ಒಂದ ನಿಮಿಷ ನನಗ ಕೊಡವ್ವ. ಹಾವು ಮುಟ್ಟಂಗಿಲ್ಲ. ಬರೇ ಲುಂಗಿ ಉಡಿಸಿ ಕೊಡ್ತೀನಿ.”

ಚಂದಮ್ಮ ನಾಟಿಯಿಂದ ತಲೆ ಎತ್ತಲಿಲ್ಲ.

“ಒಂದ ಎಳಿ ಉಡಿಸಿದ್ರೂ ಯಾರೂ ನಂಬಂಗಿಲ್ಲರಿ. ಹೆಂಗ ಅದ ಹಂಗ ಕಳಸ್ರಿ.”

ಹಂಪಣ್ಣ ತನ್ನ ಕೈಯಾರೆ ಗುಂಪಿಗೆ ಕಳಿಸಿದ. ಮಧ್ಯಾಹ್ನಕ್ಕೆ ಗೇಟು ತೆಗೆದರು.