ಮೇಜಿನ ಮೇಲೆ ಕೂತ ಕುರ್ಚಿಯನ್ನು ಕುರಿತು 'ಸಮಂಜಸ' ಪದಕ್ಕೊಂದು ದೂರು

ಶ್ರೀಮಾನ್ 'ಸಮಂಜಸ' ಪದಮಹಾಶಯರಿಗೆ,
ನೋಟೀಸಿನ ಮೂರನೆಯ ಸಾಲು, ಆಡಳಿತ ಕಚೇರಿ,
ಕುರ್ಚಿ ಹೊದಿಕೆ ಹೊಲಿಯುವ ಕಾರ್ಖಾನೆ, ಬದನಗುಪ್ಪೆಯ ಆಚೆ.

ಮಾನ್ಯರೇ,

ತಮ್ಮ ಘನತೆಗೆ ತಕ್ಕ ನಮಸ್ಕಾರಗಳು. ಕೊಟ್ಟ ಮಾತು ಯಾವುದು, ತಪ್ಪಿದ ಮಾತು ಯಾವುದು ಎಂಬುದನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಯುಗಾದಿಗೆ ಮುಂಚೆ ತಪಾಸಣೆ ವಿಭಾಗದ ಹನ್ನೆರಡು ಹೆಂಗಸರಿಗೆ ಹನ್ನೆರಡು ಸ್ಟೂಲು ಕೊಡುತ್ತೇವೆ ಎಂದರು ಕಚೇರಿಯವರು, ಕೊಡಲಿಲ್ಲ. ಆರಾದರೂ ಕೊಡಿ, ಸರದಿಯ ಮೇಲೆ ಕೂರುತ್ತೇವೆ ಎಂದೆವು. ನೋಡೋಣ ಎಂದರು, ನೋಡಲಿಲ್ಲ. ಮಧ್ಯಾಹ್ನ ಹತ್ತು ನಿಮಿಷ ನೆಲದ ಮೇಲಾದರೂ ಕೂರಲು ಬಿಡಿ ಎಂದೆವು. ನೆಲ ಇರುವುದು ಓಡಾಡಲು ಎಂದರು. ಕೊನೆಗೆ ಎಲ್ಲಕ್ಕೂ ಸೇರಿಸಿ ಒಂದೇ ಸಾಲಿನ ಲಿಖಿತ ಉತ್ತರ ಬಂತು: 'ಬೇಡಿಕೆ ಸಮಂಜಸವಲ್ಲ.' ತಮ್ಮ ಪರಿಚಯದ ಭಾಗ್ಯ ನಮಗೆ ಒದಗಿದ್ದು ಹೀಗೆ.

ನಮ್ಮ ಕೆಲಸ ತಮಗೆ ತಿಳಿದಿರಲಿಕ್ಕಿಲ್ಲ. ಹೊಲಿದು ಬಂದ ಹೊದಿಕೆಯನ್ನು ಒಂದು ಮಾದರಿ ಕುರ್ಚಿಗೆ ತೊಡಿಸಿ, ಅಂಗೈಯಿಂದ ಒತ್ತಿ, ಹೊಲಿಗೆ ಬಿಡುತ್ತದೋ ಇಲ್ಲವೋ ನೋಡುವುದು. ಹೊಲಿಗೆ ಕಣ್ಣಿನ ನೇರಕ್ಕೆ ಬರಲೆಂದು ಆ ಕುರ್ಚಿಯನ್ನು ಮೇಜಿನ ಮೇಲೆ ಇಟ್ಟಿದ್ದಾರೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದೂವರೆಯವರೆಗೆ ಕುರ್ಚಿ ಮೇಜಿನ ಮೇಲೆ ಕೂತಿರುತ್ತದೆ, ನಾವು ಅದರ ಮುಂದೆ ನಿಂತಿರುತ್ತೇವೆ. ಅದರ ಮೇಲೆ ಯಾರೂ ಕೂರಬಾರದೆಂದು ಗೋಡೆಯ ಮೇಲೆ ಬರೆಸಿದ್ದಾರೆ. ಕೂರುವುದಕ್ಕೆಂದೇ ಹೊಲಿದದ್ದನ್ನು ಕೂರದೆ ಪರೀಕ್ಷಿಸುವ ಈ ಪದ್ಧತಿ ತಮಗೆ ಒಪ್ಪಿಗೆಯಾಗಿರುವುದರಿಂದ ನಾವೂ ತಲೆ ಬಾಗಿಸಿದ್ದೇವೆ. ಮಂಡಿ ಬಾಗಿಸಿ ಎಂದು ಮಾತ್ರ ಕೇಳಬೇಡಿ, ಅದು ಈಗ ಬಾಗುವುದಿಲ್ಲ.

ನನ್ನ ಪಕ್ಕದ ಮೇಜಿನವರು ಭೀಮನಬೀಡಿನ ಗುರುಮಲ್ಲಮ್ಮ. ವಯಸ್ಸು ಐವತ್ತೆರಡು. ಅಂಗೈ ಇಟ್ಟರೆ ಸಾಕು, ಒಳಗಿನ ದಾರ ಸಡಿಲವಾಗಿರುವುದನ್ನು ಹೇಳುತ್ತಾರೆ. ಕಳೆದ ಮಂಗಳವಾರ ಮಧ್ಯಾಹ್ನ ಮೂರೂಕಾಲಿಗೆ ಅವರು ಖಾಲಿ ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟರು. ಪೆಟ್ಟಿಗೆ ಕುಸಿಯಿತು; ಅವರು ಏಳಲಿಲ್ಲ. ಸೂಪರ್‌ವೈಸರ್ ಸುನೀಲ್ ಕುಮಾರ್ ಓಡಿ ಬಂದು, "ಎದ್ದೇಳಕ್ಕೋ, ಮೇಲೆ ಕ್ಯಾಮೆರಾ ಅದೆ, ನೋಡ್ತಾವ್ರೆ" ಎಂದರು.

"ಆ ಕ್ಯಾಮೆರಾನೂ ಗ್ವಾಡೆಗೆ ಒರಗ್ಕಂಡು ಕುಂತದೆ ಕಣಪ್ಪ. ಮೊದ್ಲು ಅದ ಎಬ್ಬುಸು, ಆಮೇಲೆ ನಾ ಏಳ್ತೀನಿ ಬುಡು" ಎಂದರು ಗುರುಮಲ್ಲಮ್ಮ.

ಹನ್ನೊಂದು ನಿಮಿಷ ಕೂತದ್ದಕ್ಕೆ 'ಸಮಂಜಸ ಕಾರಣ' ನೀಡಬೇಕೆಂದು ನೋಟೀಸು ಬಂತು. ಅವರು ಹೇಳಿದ್ದನ್ನು ನಾನೇ ಬರೆದುಕೊಟ್ಟೆ: 'ಕಾಲು ಊದಿತ್ತು, ಕೂತೆ.' ಮರುದಿನವೇ ಉತ್ತರ: ನೀಡಿರುವ ಕಾರಣ ಸಮಂಜಸವಾಗಿಲ್ಲ, ಗುರುವಾರದ ವಿಚಾರಣೆಯಲ್ಲಿ ಸಮಂಜಸ ಕಾರಣ ನೀಡದಿದ್ದಲ್ಲಿ ಕೆಲಸದಿಂದ ತೆಗೆಯಲಾಗುವುದು. ಸ್ಟೂಲಿನ ವಿಷಯದಲ್ಲಿ ತಿಂಗಳುಗಟ್ಟಲೆ ಯೋಚಿಸಿದ ಕಚೇರಿ ಇದನ್ನು ಒಂದೇ ದಿನದಲ್ಲಿ ಮುಗಿಸಿದ್ದು ತಮ್ಮ ಸಹವಾಸದ ಫಲವೇ ಇರಬೇಕು.

ಭಾನುವಾರ ನಾನು ಗುಂಡ್ಲುಪೇಟೆಯ ಗ್ರಂಥಾಲಯಕ್ಕೆ ಹೋಗಿ ನಿಘಂಟಿನಲ್ಲಿ ತಮ್ಮನ್ನು ಹುಡುಕಿದೆ. ಸರಿಯಾದ, ಯುಕ್ತವಾದ, ನ್ಯಾಯವಾದ ಎಂದು ಅರ್ಥ ಕೊಟ್ಟಿದ್ದಾರೆ. ಕಾಲು ಎಷ್ಟು ಊದಿದರೆ ಯುಕ್ತ ಎಂದು ಕೊಟ್ಟಿಲ್ಲ. ತಮ್ಮ ಬಳಕೆಯನ್ನು ನಾವು ಕಲಿತದ್ದು ಕಾರ್ಖಾನೆಯಲ್ಲೇ. ಹಬ್ಬದ ಹಿಂದಿನ ದಿನ ಎರಡು ಗಂಟೆ ಹೆಚ್ಚು ನಿಲ್ಲಿ ಎಂದರೆ ಅದು ಸಮಂಜಸ ಕೋರಿಕೆ, ಸ್ಟೂಲು ಬರುವುದು ಸಮಂಜಸ ಅವಧಿಯಲ್ಲಿ, ಮಧ್ಯಾಹ್ನದೊಳಗೆ ಎರಡನೇ ಸಲ ಶೌಚಾಲಯಕ್ಕೆ ಹೋದವಳ ನಡವಳಿಕೆ ಸಮಂಜಸವಲ್ಲ. ಅವರು ಬಾಯಿ ತೆರೆದರೆ ತಾವು ಜೊತೆಗಿರುತ್ತೀರಿ, ನಾವು ಬಾಯಿ ತೆರೆದರೆ ಅಡ್ಡ ಬರುತ್ತೀರಿ. ಒಂದು ಸಲವಾದರೂ ಮೇಜಿನ ಈ ಕಡೆಗೆ ಬಂದಿದ್ದೀರಾ?

ಸೋಮವಾರ ಕಾರ್ಖಾನೆಯ ವ್ಯಾನಿನಲ್ಲಿ ಇದನ್ನೆಲ್ಲ ಗುರುಮಲ್ಲಮ್ಮನವರಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅರ್ಥ ಅತ್ಲಾಗಿರ್ಲಿ ಕಣಮ್ಮಿ. ಅದ ಬರ್ದೋರು ನಿಂತ್ಕಂಡು ಬರುದ್ರಾ, ಕುಂತ್ಕಂಡು ಬರುದ್ರಾ? ಒಸಿ ಅದ ಕೇಳು" ಎಂದರು. ಇಡೀ ವ್ಯಾನು ನಕ್ಕಿತು.

ಆದ್ದರಿಂದ ಮಾನ್ಯರೇ, ತಾವು ಒಂದೇ ಒಂದು ದಿನ ಬಿಡುವು ಮಾಡಿಕೊಂಡು ನಮ್ಮ ಮೇಜಿಗೆ ಬಂದು, ಎಂಟೂವರೆಯಿಂದ ಐದೂವರೆಯವರೆಗೆ ನಿಂತು, ಆಮೇಲೆ ತಮ್ಮ ಅರ್ಥವನ್ನು ತಾವೇ ಬರೆದು ಸಹಿ ಹಾಕಿ ಕೊಡಬೇಕಾಗಿ ವಿನಂತಿ. ಅಷ್ಟು ಬಿಡುವಿಲ್ಲವಾದರೆ ಗುರುಮಲ್ಲಮ್ಮನವರನ್ನು ಒಂದು ಹೊದಿಕೆ ಎಂದು ಪರಿಗಣಿಸಿ. ಕುರ್ಚಿಯ ಮೇಲೆ ಯಾಕೆ ಕೂತೆ ಎಂದು ಹೊದಿಕೆಗೆ ಯಾರೂ ನೋಟೀಸು ಕೊಟ್ಟದ್ದನ್ನು ನಾನು ಕಂಡಿಲ್ಲ. ಅದೂ ಆಗದಿದ್ದರೆ ಇಷ್ಟಾದರೂ ಮಾಡಿ. ಕೂತವರು ಕಾರಣ ಕೊಟ್ಟಾಗಿದೆ. ಒಂಬತ್ತು ಗಂಟೆ ನಿಲ್ಲಿಸಿದವರ ಕಾರಣ ಇನ್ನೂ ಬಂದಿಲ್ಲ. ಅದನ್ನು ಬರವಣಿಗೆಯಲ್ಲಿ ಕೊಡಿಸಿ, ಸಮಂಜಸವೋ ಅಲ್ಲವೋ ನಾವು ಹನ್ನೆರಡು ಜನ ಓದಿ ತಿಳಿಸುತ್ತೇವೆ. ಇಂದು ಗುರುಮಲ್ಲಮ್ಮನವರ ಊದಿದ ಕಾಲು ಕಾರಣಕ್ಕೆ ಸಾಲದು ಎಂದವರು ನಾಳೆ ನಮ್ಮ ಕಾಲಿಗೂ ಅದನ್ನೇ ಹೇಳುತ್ತಾರೆ. ಒಬ್ಬರನ್ನು ತೆಗೆದು ಹನ್ನೊಂದು ಮಂದಿಯನ್ನು ನಿಲ್ಲಿಸಿಕೊಳ್ಳಬಹುದು ಎಂದು ತಾವು ಯಾರಿಗಾದರೂ ಭರವಸೆ ಕೊಟ್ಟಿದ್ದರೆ, ದಯವಿಟ್ಟು ಹಿಂದಕ್ಕೆ ಪಡೆಯಿರಿ.

ನಿಘಂಟಿನಲ್ಲಿರುವ ತಮ್ಮನ್ನು ನಂಬಿ ಇನ್ನೂ ನಿಂತೇ ಇರುವ
ತಮ್ಮ ವಿಶ್ವಾಸಿ,
ಭವ್ಯ
ನಾಲ್ಕನೇ ಮೇಜು, ತಪಾಸಣೆ ವಿಭಾಗ

ಮರೆತ ಮಾತು: ವಿಚಾರಣೆಯ ಕೋಣೆಯಲ್ಲಿ ಮೂರೇ ಕುರ್ಚಿ ಇರುವುದು ಕಿಟಕಿಯಲ್ಲಿ ಕಾಣುತ್ತದೆ, ಕೇಳುವ ಅಧಿಕಾರಿಗಳೂ ಮೂವರೇ. ತಮಗೆ ತೊಂದರೆ ಬೇಡವೆಂದು ಮೇಜಿನ ಮೇಲಿನ ಮಾದರಿ ಕುರ್ಚಿಯನ್ನು ನಾವೇ ಇಳಿಸಿ ಹೊತ್ತು ತರುತ್ತಿದ್ದೇವೆ. ಗುರುಮಲ್ಲಮ್ಮನವರು ಅದರ ಮೇಲೆ ಕೂತು ಕಾರಣ ಹೇಳುತ್ತಾರೆ. ಹೊಲಿಗೆ ಬಿಡುತ್ತದೋ ಇಲ್ಲವೋ ಅಲ್ಲೇ ನೋಡಿಬಿಡೋಣ. ತಾವೂ ಬನ್ನಿ, ಆದರೆ ನಿಂತಿರಬೇಕಾಗುತ್ತದೆ. ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ.